ಪೆಟ್ರೋಲ್ ಮುಗಿದ ಮೇಲಿನ ವಾಕ್ಯಗಳು

1

ಈ ಕಥೆಯನ್ನು ಎಂಜಿನ್ನಿನ ಸದ್ದಿನಿಂದ ಶುರು ಮಾಡಬೇಕೋ, ಸದ್ದು ನಿಂತ ಗಳಿಗೆಯಿಂದಲೋ? ಬೈಕ್ ರೇಸಿನ ಕಥೆ ಎಂದಮೇಲೆ ಮೊದಲ ಸಾಲಿನಲ್ಲೇ 'ಭರ್ರ್' ಎನ್ನಿಸಬೇಕು, ಇಲ್ಲದಿದ್ದರೆ ಓದುಗರು ಪುಟ ಮಗುಚಿಬಿಡುತ್ತಾರೆ ಎಂದು ಬಲ್ಲವರು ಹೇಳುತ್ತಾರೆ. ಹಾಗಾದರೆ ತಗೊಳ್ಳಿ: ಭರ್ರ್. ಆಯಿತಲ್ಲ? ಈಗ ವಿಷಯಕ್ಕೆ ಬರೋಣ.

ಒಬ್ಬಳಿದ್ದಾಳೆ. ವಾರವಿಡೀ ಲಿಫ್ಟ್ ರಿಪೇರಿ ಮಾಡುತ್ತಾಳೆ, ರಜೆ ಸಿಕ್ಕಾಗ ಬೈಕ್ ಏರಿ ರೇಸಿಗೆ ಇಳಿಯುತ್ತಾಳೆ. ವಯಸ್ಸು ನಲವತ್ತು ದಾಟಿದೆ. (ಎಷ್ಟು ದಾಟಿದೆ ಎಂದೂ ಬರೆದಿದ್ದೆ, ಹೊಡೆದುಹಾಕಿಸಿದಳು.) ಈ ಸೀಸನ್ನಿನಲ್ಲಿ ಒಂದೇ ಒಂದು ರೇಸನ್ನೂ ಆಕೆ ಪೂರ್ತಿ ಮುಗಿಸಿಲ್ಲ. ಒಮ್ಮೆ ಚೈನ್ ಕಿತ್ತುಹೋಯಿತು. ಒಮ್ಮೆ ಜಾರಿ ಮರಳಿಗೆ ಬಿದ್ದಳು. ಇನ್ನೊಮ್ಮೆ ಮುಂದಿದ್ದವನು ಬಿದ್ದ, ಅವನ ಮೇಲೆ ಇವಳು ಬಿದ್ದಳು.

ಇವತ್ತು ಸೀಸನ್ನಿನ ಕೊನೆಯ ರೇಸ್. ಇದನ್ನೂ ಮುಗಿಸದಿದ್ದರೆ ಬರುವ ವರ್ಷ ಮತ್ತೆ ಹೊಸಬರ ಸಾಲಿಗೆ ತಳ್ಳುತ್ತಾರೆ. ಹೊಸಬರೆಂದು ದೂರದಿಂದಲೇ ಗೊತ್ತಾಗಲಿ ಅಂತ ತೊಡಿಸುವ ಕಿತ್ತಳೆ ಬಣ್ಣದ ಕೋಟು ಬೆನ್ನಿಗೆ. ಅಕ್ಕಪಕ್ಕದಲ್ಲಿ ಇನ್ನೂ ಮೀಸೆ ಮೂಡದವರು. 'ಆಂಟಿ, ಫಸ್ಟ್ ಟೈಮಾ?' ಎಂಬ ಪ್ರಶ್ನೆ. ಗೆಲ್ಲುವ ಮಾತು ಅವಳ ಬಾಯಲ್ಲಿಲ್ಲ. ಮುಗಿಸಬೇಕು, ಅಷ್ಟೇ.

3

(ಎರಡನೆಯದನ್ನು ಹರಿದು ಹಾಕಿದೆ. ಅದರಲ್ಲಿ ರೇಸ್ ಟ್ರ್ಯಾಕನ್ನು ಬಂಡವಾಳದ ವಿಷವರ್ತುಲಕ್ಕೆ ಹೋಲಿಸಿ ಪುಟಗಟ್ಟಲೆ ಗುಡುಗಿದ್ದೆ. ಅವಳು ಓದಿ, "ಚೆನ್ನಾಗಿದೆ ಕಥೆಗಾರ್ರೇ. ಇದ್ರಲ್ಲಿ ನಾನೆಲ್ಲಿ?" ಎಂದಳು.)

ಬೆಳಗಿನ ಅಭ್ಯಾಸದಲ್ಲಿ ಬೈಕ್ ವಾಲಿಬಿದ್ದು ಗೇರ್ ಪೆಡಲ್ ತುಂಡಾಯಿತು. ಇಲ್ಲಿಗೆ ನಾನೊಬ್ಬ ಖಳನಾಯಕನನ್ನು ತಂದಿದ್ದೆ, ಇದೇ ರೇಸಿನ ಇನ್ನೊಬ್ಬ ಸವಾರ. ಆ ವಾಕ್ಯ ಹೀಗಿತ್ತು: 'ಹಲ್ಲಿನ ಡಾಕ್ಟರು ತಮ್ಮ ಮನೆಯಷ್ಟು ದೊಡ್ಡ ವ್ಯಾನಿನ ನೆರಳಲ್ಲಿ ಕುಳಿತು, ಹಿಡಿತ ಬರಲೆಂದು ಟೈರುಗಳಿಗೆ ಬಿಸಿ ಕಂಬಳಿ ಹೊದಿಸಿ, ತಗಡಿನ ಶೆಡ್ಡಿನಲ್ಲಿ ಬೇಯುತ್ತಿದ್ದವರನ್ನು ನೋಡಿ ನಕ್ಕರು. ಟೈರಿಗೆ ಕಂಬಳಿ, ದುಡಿಯುವವನಿಗೆ ಚಳಿ!' (ಬೇಯುತ್ತಿದ್ದವನಿಗೆ ಚಳಿ ಹೇಗಾಯಿತು ಎಂದು ಕೇಳಬೇಡಿ. ನಮ್ಮ ಓದುಬಳಗದಲ್ಲಿ ಈ ಸಾಲಿಗೆ ಚಪ್ಪಾಳೆ ಗ್ಯಾರಂಟಿ.)

ಆದರೆ ಆ ಶೆಡ್ಡುಗಳ ನಡುವೆ ಒಂದು ರೂಢಿಯಿದೆ. ಬೇಕಾದ ಸಾಮಾನನ್ನು ಒಮ್ಮೆ ಗಟ್ಟಿಯಾಗಿ ಕೂಗಿ ಕೇಳಬೇಕು. ಇದ್ದವರು ಇಲ್ಲ ಎನ್ನುವಂತಿಲ್ಲ. ಅವಳ ಬೈಕಿನ ಮೆಕ್ಯಾನಿಕ್ ಅವಳ ಅಕ್ಕನ ಗಂಡ. ಹೊಟ್ಟೆಪಾಡಿಗೆ ಹೊಲಿಗೆ ಮಷೀನು ರಿಪೇರಿ ಮಾಡುವ ಆ ಭಾವ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗಿದರು: "ಗೇರ್ ಪೆಡಲ್! ಯಾರ ಹತ್ರಾನಾದ್ರೂ ಇದ್ಯಾ?"

ನನ್ನ ಖಳನಾಯಕ ವ್ಯಾನಿನಿಂದ ಇಳಿದು, ಪೆಡಲ್ ಹಿಡಿದುಕೊಂಡು ನಡೆದೇ ಬಂದುಬಿಟ್ಟರು.

"ಸ್ವಲ್ಪ ಬಗ್ಗಿದೆ. ಕೆಲ್ಸಕ್ಕೆ ತೊಂದ್ರೆ ಇಲ್ಲ."

"ಡಾಕ್ಟ್ರೇ, ಇದನ್ನೇ ಹಾಕ್ಕೊಂಡು ನಿಮ್ಮನ್ನೇ ಹಿಂದೆ ಹಾಕಿದ್ರೆ?" ಎಂದಳು ಅವಳು.

"ಮೊದ್ಲು ಒಂದ್ಸಲ ಮುಗ್ಸಮ್ಮಾ ತಾಯಿ. ಹಿಂದೆ ಹಾಕೋ ಮಾತು ಆಮೇಲೆ."

ನಾನು ಅಡ್ಡ ಬಂದೆ. "ಇವರು ಹೀಗೆಲ್ಲ ಕೊಡುವಂತಿಲ್ಲ. ಇವರು ಶೋಷಕ ವರ್ಗ."

"ಯಾವ ವರ್ಗಾನೋ ಏನೋ, ಪೆಡಲ್ ಸರಿಯಾಗಿ ಕೂತ್ಕೊಳ್ತು," ಎಂದಳು. "ಸುಮ್ನೆ ನಿಂತಿದ್ದೀರಲ್ಲ, ಆ ತುದಿ ಹಿಡ್ಕೊಳ್ಳಿ."

(ಹಿಡಿದುಕೊಂಡೆ. ಈ ಪುಟದ ಅಂಚಿನಲ್ಲಿ ಕಪ್ಪು ಕಂಡರೆ ಅದು ಮುದ್ರಣದೋಷವಲ್ಲ, ಗ್ರೀಸು.)

ಆದರೂ ಒಂದು ಮಾತು ಹೇಳದೆ ಬಿಡಲಾರೆ. ಅವಳು ಲಿಫ್ಟ್ ಸರಿಮಾಡಿ ಕೈ ಒರೆಸಿಕೊಳ್ಳುತ್ತಿರುವಾಗ, 'ನೀನು ಮೆಟ್ಟಿಲಲ್ಲಿ ಇಳಿದು ಹೋಗು, ಲಿಫ್ಟು ಇಲ್ಲಿ ಇರುವವರಿಗೆ' ಎನ್ನುವ ಕಟ್ಟಡಗಳಿವೆ. ಹನ್ನೆರಡು ಮಹಡಿ. ಸ್ಪ್ಯಾನರಿನ ಚೀಲ ಹೆಗಲ ಮೇಲೆ. ಅಂಥ ಕಟ್ಟಡಗಳ ಬುಡಕ್ಕೆ ನನ್ನ ಪೆನ್ನು ಇಡುವವರೆಗೂ ನನಗೆ ನಿದ್ದೆಯಿಲ್ಲ.

"ಅದನ್ನ ಬರೀರಿ," ಎಂದಳು, ಈ ಸಲ ನಗದೆ. "ಒಂದಕ್ಷರಾನೂ ಬಿಡದೆ ಬರೀರಿ. ಆದ್ರೆ ರೇಸ್ ಮುಗೀಲಿ."

4

ಭಾವನಿಗೆ ತೂಕದ ಹುಚ್ಚು. ಅಡುಗೆಮನೆಯಿಂದ ತಂದ ಅಳತೆಯ ಜಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿಹಿಡಿದು, ಒಂದು ಕಣ್ಣು ಮುಚ್ಚಿ, ಟ್ಯಾಂಕಿಗೆ ಪೆಟ್ರೋಲ್ ಸುರಿದರು.

"ಇಷ್ಟೇನಾ ಭಾವ?"

"ಜಾಸ್ತಿ ಪೆಟ್ರೋಲ್ ಅಂದ್ರೆ ಜಾಸ್ತಿ ತೂಕ ಕಣೇ. ಒಂದು ವಾರ್ಮಪ್ ಸುತ್ತು, ಆಮೇಲೆ ರೇಸು, ಮೇಲೊಂದು ಗುಟುಕು. ಸಾಕು."

"ತೂಕದ ವಿಷ್ಯ ನಮ್ಮಕ್ಕನ ಹತ್ರಾನೂ ಹಿಂಗೇ ಮಾತಾಡ್ತೀರಾ?"

"ನಂಗೆ ಇನ್ನೂ ಬದುಕೋ ಆಸೆ ಇದೆ ನಾದಿನಿ ಮಹಾರಾಯ್ತಿ."

ಎಲ್ಲರೂ ವಾರ್ಮಪ್ ಸುತ್ತು ಮುಗಿಸಿ ಗೆರೆಯ ಮೇಲೆ ಸಾಲಾಗಿ ನಿಂತರು. ಇನ್ನೇನು ಕೆಂಪು ದೀಪ ಆರಿ ರೇಸ್ ಶುರುವಾಗಬೇಕು, ಅಷ್ಟರಲ್ಲಿ ಯಾರದೋ ಎಂಜಿನ್ ಆಫ್ ಆಗಿ ಅವನು ಕೈ ಎತ್ತಿದ. ಸ್ಟಾರ್ಟ್ ರದ್ದು. ಎಲ್ಲರೂ ಮತ್ತೊಂದು ವಾರ್ಮಪ್ ಸುತ್ತು ಹೋಗಿಬರಬೇಕೆಂದು ರೇಸ್ ನಡೆಸುವವರು ಹೇಳಿದರು.

ಕಣ್ಣಂದಾಜಿನಲ್ಲಿ ಟ್ಯಾಂಕ್ ತುಂಬಿಸುವ ಸಾಮಾನ್ಯ ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ. ಗುಟುಕಿನ ಲೆಕ್ಕದವರಿಗೆ ಮಾತ್ರ ಆಗುತ್ತದೆ. ರೇಸ್ ಶುರುವಾದ ಮೇಲೆ, ಗೋಡೆಗೆ ಒರಗಿ ನಿಂತಿದ್ದ ಭಾವನ ಮುಖ ಬಿಳಿಚಿತು. ನನ್ನ ತೋಳು ಹಿಡಿದರು.

"ಆ ಎರಡನೇ ವಾರ್ಮಪ್ ತೆಗೆದುಬಿಡ್ರೀ. ನಿಮಗೇನು, ಒಂದು ಗೀಟು ಎಳೆದ್ರಾಯ್ತು."

"ಓದುಗರು ಆಗಲೇ ಓದಿಬಿಟ್ಟರಲ್ಲ ಭಾವ."

"ನೀವ್ಯಾಕ್ರೀ ನನ್ನನ್ನ ಭಾವ ಅಂತೀರಾ?"

5

ಅವಳಿಗೆ ಇದೊಂದೂ ಗೊತ್ತಿಲ್ಲ. ಅವಳು ಖುಷಿಯಾಗಿದ್ದಾಳೆ. ಮೇಲೆ, ಕೆಳಗೆ, ಮತ್ತೆ ಮೇಲೆ ಎಂದು ವಾರವಿಡೀ ಲಿಫ್ಟಿನ ಕತ್ತಲ ಗುಂಡಿಯೊಳಗೆ ಕಳೆದವಳಿಗೆ ಎಡಕ್ಕೆ ವಾಲುವುದು, ಬಲಕ್ಕೆ ವಾಲುವುದು ಎಂದರೆ ಏನೆಂದು ಬಲ್ಲಿರಾ? ಮಂಡಿ ನೆಲಕ್ಕೆ ತಾಗಿ ಚರ್ರ್ ಎಂದಾಗಲೆಲ್ಲ ಹೆಲ್ಮೆಟ್ಟಿನೊಳಗೆ ಒಬ್ಬಳೇ ನಗುತ್ತಾಳೆ. ಬಗ್ಗಿದ ಪೆಡಲ್ ಪ್ರತಿ ಗೇರಿಗೂ ಒಂದು ಗೊಣಗು ಗೊಣಗಿ ಮಾತು ಕೇಳುತ್ತಿದೆ. ಡಾಕ್ಟರು ತುಂಬ ಮುಂದಿದ್ದಾರೆ, ಇರಲಿ. ಹಿಂದೆಯೂ ಇಬ್ಬರಿದ್ದಾರೆ!

ಕೊನೆಯ ಸುತ್ತು. ಕೊನೆಯ ತಿರುವು. ಎಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಸುಮ್ಮನಾಯಿತು. ಹಿಂದಿದ್ದ ಇಬ್ಬರೂ ಸುಂಯ್ ಎಂದು ದಾಟಿಹೋದರು.

ಮುಕ್ತಾಯ ಅ

ತಿರುವಿನಿಂದ ಗೆರೆಯವರೆಗೂ ಸೊಗಸಾದ ಇಳಿಜಾರು. ಬೈಕ್ ತಾನಾಗಿಯೇ—

"ಇಲ್ಲಿ ಏರು ಕಣ್ರೀ!" ಎಂದು ಹೆಲ್ಮೆಟ್ಟಿನೊಳಗಿಂದ ಕೂಗಿದಳು. ಆಗಲೇ ಇಳಿದು ಹ್ಯಾಂಡಲ್ ಹಿಡಿದು ತಳ್ಳತೊಡಗಿದ್ದಳು.

ಮುಕ್ತಾಯ ಆ

ಇದು ನನಗೆ ಪ್ರಿಯವಾದದ್ದು. ತಗಡಿನ ಶೆಡ್ಡುಗಳಿಂದ ಜನ ಬೇಲಿ ಹಾರಿ ಬಂದರು. ನೂರು ಕೈಗಳು ಬೈಕಿಗೆ! ಇದೇ ಜನಶಕ್ತಿ! ಇದೇ—

"ಒಬ್ಬರು ಮುಟ್ಟಿದ್ರೂ ಆಕೆ ಔಟ್," ಎಂದರು ಗೆರೆಯ ಬಳಿ ಚೌಕಳಿ ಬಾವುಟ ಹಿಡಿದ ತಾತ. ಸವಾರರು ತಮ್ಮ ಬೈಕನ್ನು ತಾವೇ ತಳ್ಳಿಕೊಂಡು ಗೆರೆ ದಾಟಿದರೂ ಮುಗಿಸಿದಂತೆ ಲೆಕ್ಕ, ಆದರೆ ಹೊರಗಿನವರ ಕೈ ತಾಗಕೂಡದು. ಬಾವುಟವನ್ನೂ ಗೆದ್ದವನು ಬಂದ ಮೇಲೆ ಕೆಲವೇ ನಿಮಿಷ ಎತ್ತಿ ಹಿಡಿದಿರುತ್ತಾರೆ, ಮಡಚಿದ ಮೇಲೆ ಬಂದವರು ಲೆಕ್ಕಕ್ಕಿಲ್ಲ. ನನ್ನ ನೂರು ಕೈಗಳು ಬೇಲಿಯ ಮೇಲೆಯೇ ನೇತಾಡಿದವು.

ರೇಸ್ ಮುಗಿಸಿ ನಿಧಾನವಾಗಿ ಸುತ್ತಿ ಬರುತ್ತಿದ್ದ ಡಾಕ್ಟರು ಅವಳ ಪಕ್ಕಕ್ಕೆ ಬಂದು, ಬೈಕನ್ನು ಮುಂದಕ್ಕೆ ತಳ್ಳಿ ನೆರವಾಗೋಣವೆಂದು ಕಾಲು ಚಾಚಿದರು.

"ಡಾಕ್ಟ್ರೇ! ಕಾಲು ತಾಗಿಸಿದ್ರೋ, ನಿಮ್ಮ ಹಲ್ಲನ್ನ ನೀವೇ ಕಟ್ಕೋಬೇಕಾಗತ್ತೆ!"

ಕಾಲು ಹಿಂದಕ್ಕೆ ಹೋಯಿತು.

ಮುಕ್ತಾಯ ಇ

ಗೆರೆ ಒಂದು ಮೊಳ ದೂರವಿರುವಾಗ ತಾತ ಬಾವುಟ ಮಡಚಿದರು. ವ್ಯವಸ್ಥೆಯ ಕ್ರೌರ್ಯ ಎಂಥದ್ದೆಂದು ಓದುಗರ ಎದೆಗೆ ನಾಟುವುದು ಇಂಥ ಕಡೆಯೇ. ಓದುಬಳಗ ಕಣ್ಣೊರೆಸಿಕೊಳ್ಳುತ್ತದೆ.

ಅವಳು ತಳ್ಳುವುದನ್ನು ನಿಲ್ಲಿಸಲಿಲ್ಲ. ಏದುಸಿರಿನ ನಡುವೆಯೇ ನನ್ನ ಕಡೆ ತಿರುಗಿದಳು. "ಸಿಟ್ಟು ನಿಮ್ದು. ಅದಕ್ಕೆ ನನ್ನ ಬೈಕ್ ಯಾಕ್ರೀ ನಿಲ್ಲಿಸ್ತೀರಾ?"

ಮುಕ್ತಾಯ ಇ ಹೊಡೆದುಹಾಕಿದ್ದೇನೆ. ಬಾವುಟ ಇನ್ನೂ ಮೇಲಿದೆ.

ಹಾಗಾದರೆ ಮುಕ್ತಾಯ ಈ? 'ಅವಳು ಗೆರೆ ದಾಟಿದಳು.' ಮೂರೇ ಪದ. ಬರೆಯಲು ಕೈ ತುರಿಸುತ್ತಿದೆ. ಆದರೆ ತಾತ ಈಗ ಅವಳನ್ನು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಅವರು ನೋಡುವುದು ನ್ಯಾಯವೇ: ನಾನು ಹೊರಗಿನವನು. ನಾನು ಹಾಗೆ ಬರೆದರೆ ಅದು ನೂರು ಕೈಗಳಿಗಿಂತ ದೊಡ್ಡ ತಳ್ಳು. ನನ್ನ ವಾಕ್ಯ ಅವಳ ಬೈಕಿಗೆ ತಾಗಿದ ಕ್ಷಣವೇ ಅವಳು ಔಟ್.

ಓದುಗರೇ, ನೀವೂ ಅಷ್ಟೇ, ಮನಸ್ಸಿನಲ್ಲೂ ತಳ್ಳಬೇಡಿ. ಕೂಗಬಹುದು, ಕೂಗಿದರೆ ಯಾರೂ ಔಟ್ ಆಗುವುದಿಲ್ಲ. ಭಾವ ಗೋಡೆ ಹತ್ತಿ ನಿಂತು ಧ್ವನಿ ಒಡೆಯುವಂತೆ ಕೂಗುತ್ತಿದ್ದಾರೆ: "ಬಾರೇ! ಬಾರೇ ನಮ್ಮವ್ವಾ! ಮುಂದಿನ ಸಲ ಟ್ಯಾಂಕ್ ತುಂಬಿ ತುಳುಕಿಸ್ತೀನಿ, ಬಾರೇ!"

"ಬರ್ತಾ ಇದೀನಿ, ಕಿರುಚ್ಬೇಡಿ!" ಎಂದು ಅವಳೂ ಕಿರುಚಿದಳು. ನಗು ಬಂದು ಬೈಕ್ ಒಂದು ಕ್ಷಣ ಓಲಾಡಿತು. ಹೆಗಲು ಕೊಟ್ಟು ನೆಟ್ಟಗೆ ಮಾಡಿಕೊಂಡಳು. ಮತ್ತೆ ಒಂದು ಹೆಜ್ಜೆ. ಆಮೇಲೆ ತಲೆಯೆತ್ತಿ, ತನಗೂ ಗೆರೆಗೂ ನಡುವೆ ನಿಂತಿರುವ ನನ್ನನ್ನು ನೋಡಿದಳು.

"ಇನ್ನೂ ಬರೀತಾನೇ ಇದ್ದೀರಾ? ಸರೀರಿ ಪಕ್ಕಕ್ಕೆ, ದಾರಿ ಬಿಡಿ!"

ಸರಿದೆ.