ಪರೀಕ್ಷೆಯ ಬಟ್ಟೆ

ನನ್ನ ಮಗಳು ಬ್ಯಾರಿಸ್ಟರ್. ಈ ಮಾತನ್ನು ನಾನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇನೆ, ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕುವ ಮೊದಲೂ ಹೇಳುತ್ತೇನೆ. ಜಂಬ ಅಂದರೆ ಜಂಬ. ಹೆತ್ತವಳಿಗೆ ಅಷ್ಟೂ ಹಕ್ಕಿಲ್ಲವೇ?

ಅವಳ ಆಫೀಸಿನಲ್ಲಿ ಎರಡು ಕಪಾಟುಗಳಿವೆ. ಎಡಗಡೆಯದರಲ್ಲಿ ಕೆಲಸದ ಜಾಗದಲ್ಲಿ ಕೈಕಾಲು ಕಳೆದುಕೊಂಡವರ ಕಡತಗಳು. ಬಲಗಡೆಯದರಲ್ಲಿ ಲೈಸೆನ್ಸ್ ಎಲ್ಲಿ ಹೋಗುತ್ತದೋ ಎಂದು ನಡುಗುವ ನರ್ಸುಗಳು, ಲಿಫ್ಟ್ ರಿಪೇರಿಯವರು, ಸುರಕ್ಷತಾ ಮಂಡಳಿಯ ಕೈಗೆ ಸಿಕ್ಕಿಬಿದ್ದ ಕಾರ್ಖಾನೆಗಳು. "ಒಂದು ಕಡೆ ಮುರಿದ ಮೂಳೆ, ಇನ್ನೊಂದು ಕಡೆ ಮುರಿದ ನಿಯಮ. ಅಷ್ಟೇ ಅಮ್ಮ ನನ್ನ ಕೆಲಸ" ಎನ್ನುತ್ತಾಳೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ನೊಣ ಹೊಡೆಯುತ್ತಾ ಕೂರುವುದಕ್ಕಿಂತ ವಾಸಿ ಎಂದು ನಾನು ಅಲ್ಲಿಗೆ ಹೋಗಿ ಕಡತಗಳಿಗೆ ದಾರ ಕಟ್ಟುತ್ತೇನೆ. ಅವಳ ಗುಮಾಸ್ತ ನನ್ನನ್ನು "ಟೈಲರಮ್ಮ" ಎಂದು ಕರೆಯುತ್ತಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಹರಿದ ಚಾದರ ಹೊಲಿಯುತ್ತಿದ್ದೆ ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಮಗಳಿಗೂ ಅದನ್ನೇ ಹೇಳಿದ್ದೆ.

ಕಳೆದ ವರ್ಷ ಎಡಗಡೆಯ ಕಪಾಟಿಗೆ ಲಾಂಡ್ರಿಯವಳೊಬ್ಬಳ ಕಡತ ಬಂತು. ಚಾದರ ಇಸ್ತ್ರಿ ಮಾಡುವ ಬಿಸಿ ರೋಲರ್ ಅವಳ ಬಲಗೈಯನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಿತ್ತು. ರೋಲರಿನ ಮುಂದೆ ಒಂದು ತಡೆಕಂಬಿ ಇರುತ್ತದೆ. ಅದಕ್ಕೆ ಬೆರಳು ತಾಗಿದರೆ ಸಾಕು, ಯಂತ್ರ ನಿಲ್ಲಬೇಕು. ಕಂಬಿ ಕೆಟ್ಟು ತಿಂಗಳುಗಳೇ ಆಗಿದ್ದವು ಎಂದು ಅವಳು. ದಿನಾ ಬೆಳಿಗ್ಗೆ ಪರೀಕ್ಷೆ ಮಾಡಿದ್ದೇವೆ, ಇವಳೇ ಕಂಬಿಯ ಮೇಲಿಂದ ಕೈ ತೂರಿಸಿದಳು ಎಂದು ಕಂಪನಿಯವರು. ಅವರ ಹತ್ತಿರ ಮೂರು ವರ್ಷದ ರಿಜಿಸ್ಟರ್ ಇತ್ತು, ದಿನಕ್ಕೊಂದು ಸಹಿ. ಇವಳ ಹತ್ತಿರ ಬರೀ ಬಾಯಿಮಾತು. ಸೋತರೆ, ಕೈ ಹೋದದ್ದು ಅವಳದೇ ತಪ್ಪು ಎಂದು ಬರೆದು ಮುದ್ರೆ ಒತ್ತಿಬಿಡುತ್ತಾರೆ.

"ರಿಜಿಸ್ಟರಲ್ಲಿ ಒಂದು ತಪ್ಪಿಲ್ಲ. ಎಲ್ಲಿ ಹಿಡೀಬೇಕೋ ಗೊತ್ತಾಗ್ತಿಲ್ಲ" ಎಂದು ಮಗಳು ಒಂದು ಮಧ್ಯಾಹ್ನ ತಲೆ ಮೇಲೆ ಕೈ ಹೊತ್ತು ಕೂತಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಪರೀಕ್ಷೆ ಬಟ್ಟೆ ಕೇಳಿದ್ಯಾ?" ಎಂದೆ.

"ಯಾವ ಬಟ್ಟೆ?"

"ಕಂಬಿ ನೋಡೋದು ರೋಲರ್ ಕಾದಿರುವಾಗ, ಬಟ್ಟೆ ಓಡ್ತಿರುವಾಗ. ಯಂತ್ರ ನಿಂತ್ರೆ ಬಟ್ಟೆ ಒಳಗೇ ಸಿಕ್ಕೊಂಡು ಸುಡುತ್ತೆ, ಕಂದು ಗೆರೆ ಬೀಳುತ್ತೆ. ಯಾವ ಸೋಪಿಗೂ ಅದು ಹೋಗಲ್ಲ. ಒಳ್ಳೇ ಚಾದರ ಯಾಕೆ ಹಾಳು ಮಾಡೋದು ಅಂತ ಒಂದು ಹಳೇದನ್ನ ಮೊಳೆಗೆ ನೇತುಹಾಕಿರ್ತಾರೆ. ದಿನಕ್ಕೊಂದು ಗೆರೆ. ನಮ್ಮನೆ ಇಸ್ತ್ರಿ ಮೇಜಿನ ಮೇಲೆ ಹಾಸಿದೀನಲ್ಲ, ಅಂಥದ್ದೇ."

ಮಗಳು ಪೆನ್ನು ಕೆಳಗಿಟ್ಟಳು. ಶಾಲೆಯ ಯೂನಿಫಾರಂನಿಂದ ಹಿಡಿದು ಕರಿ ಕೋಟಿನವರೆಗೆ ಅವಳು ಇಸ್ತ್ರಿ ಮಾಡಿದ್ದೆಲ್ಲ ಅದರ ಮೇಲೆಯೇ. "ಅದು ಡಿಸೈನ್ ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಮೆಲ್ಲಗೆ, "ಹೊಲಿಗೆಯವರಿಗೆ ಇದೆಲ್ಲ ಹೇಗಮ್ಮ ಗೊತ್ತು?"

"ಹೊಲಿಗೆನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ. ನಾನು ರೋಲರ್ ಮೇಲಿದ್ದೆ. ಅಮ್ಮ ಎರಡೂ ಕೈ ಇಟ್ಕೊಂಡು ಬರ್ತಾಳೋ ಇಲ್ವೋ ಅಂತ ನೀನು ದಿನಾ ಬಾಗಿಲು ಕಾಯೋದು ಬೇಡ ಅಂತ ಸುಳ್ಳು ಹೇಳ್ದೆ."

ಅದು ಅರ್ಧ ನಿಜ. ಉಳಿದರ್ಧ ನಾಚಿಕೆ. ರೋಲರಿನವಳು ಎಂದರೆ ಮೂಗು ಮುರಿಯುವವರೇ ಜಾಸ್ತಿ. ಮಗಳು ಬೈಯಲಿಲ್ಲ. ನನ್ನ ರವಿಕೆಯ ಉದ್ದ ತೋಳು ಸರಿಸಿ, ಒಲೆ ತಾಗಿದ್ದು ಎಂದು ನಾನು ಹೇಳುತ್ತಿದ್ದ ಹಳೆಯ ಸುಟ್ಟ ಕಲೆಗಳನ್ನು ಒಂದೊಂದಾಗಿ ನೋಡಿದಳು. "ಕೋರ್ಟಲ್ಲಿ ನಮ್ಮನೆ ಆ ಬಟ್ಟೆ ತೋರಿಸ್ತೀನಿ. ನೀನು ಒಪ್ಪದೆ ನಿನ್ನ ಹೆಸರು ಎತ್ತಲ್ಲ" ಎಂದಳು.

ಪರೀಕ್ಷೆಗೆ ಬಳಸುವ ಬಟ್ಟೆಯನ್ನು ತರಬೇಕೆಂದು ಕಂಪನಿಗೆ ನೋಟಿಸು ಹೋಯಿತು. ಏಕೆ ಎಂದು ಅದರಲ್ಲಿ ಬರೆದಿರಲಿಲ್ಲ. ವಿಚಾರಣೆಯ ದಿನ ಮ್ಯಾನೇಜರ್ ಒಂದು ಬಟ್ಟೆ ತಂದ. ಹಾಲಿನಂತೆ ಬಿಳಿ, ಗರಿಗರಿ ಇಸ್ತ್ರಿ. ಆಸ್ಪತ್ರೆಯ ಲಾಂಡ್ರಿಯವನಲ್ಲವೇ, ತಮ್ಮ ಶುಚಿತ್ವದ ಪರೀಕ್ಷೆ ನಡೆಯುತ್ತಿದೆ ಎಂದುಕೊಂಡಿದ್ದ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

"ಮೂರು ವರ್ಷದಿಂದ ಇದೇ ಬಟ್ಟೆನಾ?" ಎಂದಳು ಮಗಳು.

"ಇದೇ ಮೇಡಂ. ದಿನಾ ಒಗೆದಿಡ್ತೀವಿ."

"ರೋಲರ್ ಕಾದಿರುವಾಗಲೇ ಪರೀಕ್ಷೆ?"

"ನಿಯಮಾನೇ ಹಾಗಿದೆ."

"ಯಂತ್ರ ನಿಂತಾಗ ಬಟ್ಟೆ ಎಷ್ಟು ಹೊತ್ತು ಒಳಗಿರುತ್ತೆ?"

"ಮತ್ತೆ ಶುರುವಾಗೋಕೆ ಎರಡು ನಿಮಿಷ ಬೇಕು."

ಮಗಳು ಚೀಲದಿಂದ ನಮ್ಮ ಮನೆಯ ಬಟ್ಟೆ ತೆಗೆದು ಅದರ ಪಕ್ಕ ಹರಡಿದಳು. ಒಂದರ ಮೇಲೊಂದು, ನೂರಾರು ಕಂದು ಗೆರೆಗಳು. "ಹಾಗಾದ್ರೆ ನಿಮ್ಮ ಬಟ್ಟೆ ಮೇಲೆ ಒಂದು ಗೆರೆನೂ ಯಾಕಿಲ್ಲ?"

ಕಂಪನಿಯ ವಕೀಲರು ಛಂಗನೆ ಎದ್ದು, ಎಲ್ಲಿಂದಲೋ ತಂದ ಬಟ್ಟೆಯನ್ನು ಸಾಕ್ಷ್ಯವಾಗಿ ಒಪ್ಪಬಾರದು ಎಂದರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ಇದು ಯಾರದು? ಹೇಳೋರು ಇಲ್ದಿದ್ರೆ ಪಕ್ಕಕ್ಕಿಡಬೇಕಾಗುತ್ತೆ" ಎಂದರು.

ಮಗಳು ಉತ್ತರಿಸಲಿಲ್ಲ. ನನ್ನತ್ತ ತಿರುಗಿಯೂ ನೋಡಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡು, ಗೆದ್ದ ಕೇಸನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಮುಂದಿನ ಬೆಂಚಿನಲ್ಲಿ ಆ ಹೆಂಗಸು ಖಾಲಿ ತೋಳನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಿದ್ದಳು. ನಾನೂ ಇಷ್ಟು ವರ್ಷ ತೋಳು ಮುಚ್ಚಿಕೊಂಡವಳೇ. ನನಗೆ ನನ್ನ ಮೇಲೆಯೇ ಸಿಟ್ಟು ಉಕ್ಕಿ ಬಂತು.

ಎದ್ದು ನಿಂತೆ. "ನಂದು ಸ್ವಾಮಿ. ಇಪ್ಪತ್ತೆರಡು ವರ್ಷ ರೋಲರ್ ಮೇಲಿದ್ದೆ. ಒಂದು ದಿನಾನೂ ಪರೀಕ್ಷೆ ತಪ್ಪಿಸಿಲ್ಲ. ಇದು ಅದರಲ್ಲಿ ಎರಡು ವರ್ಷದ್ದು, ಬೇಕಾದ್ರೆ ಗೆರೆ ಎಣಿಸ್ಕೊಳ್ಳಿ."

ನನ್ನನ್ನು ಟೈಲರಮ್ಮ ಎನ್ನುತ್ತಿದ್ದ ಗುಮಾಸ್ತನ ಕೈಯಿಂದ ಪೆನ್ನು ಜಾರಿತು. ನನ್ನನ್ನು ಕಟಕಟೆಗೆ ಕರೆದು ಪ್ರಮಾಣ ಮಾಡಿಸಿದರು. ಮಗಳು ನನ್ನನ್ನು "ತಾವು" ಎಂದು ಕರೆದು ಪ್ರಶ್ನೆ ಕೇಳಿದಳು. ತೀರ್ಪಿನಲ್ಲಿ, ಕೆಲಸದವಳ ತಪ್ಪು ಎಳ್ಳಷ್ಟೂ ಇಲ್ಲ ಎಂದು ಬರೆದರು. ಆ ರಿಜಿಸ್ಟರ್ ನೇರ ಸುರಕ್ಷತಾ ಮಂಡಳಿಗೆ ಹೋಯಿತು.

ಹೊರಗೆ ಆ ಹೆಂಗಸು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು, ಸರಿಯಾಗಿ ಕಲೆಗಳಿರುವ ಜಾಗದಲ್ಲಿ.

ಈಗಲೂ ಬಸ್ಸಿನಲ್ಲಿ ಪಕ್ಕದವರಿಗೆ ಮಗಳ ವಿಷಯ ಹೇಳುತ್ತೇನೆ. ಅದಕ್ಕೂ ಮೊದಲು ನನ್ನ ವಿಷಯ ಹೇಳುತ್ತೇನೆ.