ಒಂದು ‘ತ’ ಹೆಚ್ಚಾದ ಅನಿಸಿಕೆ

ಈ ಬೇಸಿಗೆಯಲ್ಲಿ ಓದಿ ಮೆಚ್ಚಿದ್ದು ಎರಡು ಪುಸ್ತಕ. ಒಂದು, ಬಾವಿಯ ಪಾಲಿಗಾಗಿ ಇಪ್ಪತ್ತು ವರ್ಷ ಮಾತು ಬಿಟ್ಟ ಅಕ್ಕತಂಗಿಯರ ಕಾದಂಬರಿ. ಇನ್ನೊಂದು, ನಿವೃತ್ತ ನರ್ಸೊಬ್ಬರ ಆತ್ಮಕಥೆ. ಓದಿದ್ದರ ಬಗ್ಗೆ ದಿನಚರಿಯಲ್ಲಿ ಬರೆದುಕೊಳ್ಳುವುದು ಬಿ.ಎ. ದಿನಗಳಿಂದ ಬಂದ ರೂಢಿ. ಯಾರಿಗೂ ತೋರಿಸುವುದಿಲ್ಲ.

ಕಾದಂಬರಿಯನ್ನು ಎರಡು ಸಲ ಓದಿದೆ. ಮೊದಲು ನನಗಾಗಿ, ಆಮೇಲೆ ಜಂಬಕ್ಕನಿಗಾಗಿ, ಗಟ್ಟಿಯಾಗಿ. ಜಂಬಕ್ಕ ಹೊಸಪೇಟೆಯ ನಮ್ಮ ಓಣಿಯಲ್ಲೇ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ತವರೂರು ಮೆಟ್ರಿ. ಅಕ್ಷರ ಬಾರದು. ಕೈ ರೊಟ್ಟಿಯ ಮೇಲೆ, ಕಿವಿ ಪುಸ್ತಕದ ಮೇಲೆ.

ಮುಗಿದ ದಿನ ಅವಳೆಂದಳು: “ಈ ಕತಿಗೆ ಜಿಗಿ ಐತಿ ನೋಡವ್ವ. ಎಷ್ಟು ಬಡದ್ರೂ ಹರೀಲಿಲ್ಲ.”

ಹೊಸ ಹಿಟ್ಟಿಗೆ ಜಿಗಿ ಇರುತ್ತದೆ, ಒಂದಕ್ಕೊಂದು ಹಿಡಿದುಕೊಳ್ಳುವ ಗುಣ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಬಿರಿಯುತ್ತದೆ. ಆ ಮಾತನ್ನು ದಿನಚರಿಗೆ ಇಳಿಸಿಕೊಂಡೆ.

ನಿವೃತ್ತ ಮೇಷ್ಟ್ರು ಮರುಳಸಿದ್ದಪ್ಪನವರ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಓದುಗರ ಬಳಗ ಸೇರುತ್ತದೆ. ಅವರು ಎಲ್ಲರಿಂದ ಅನಿಸಿಕೆ ಬರೆಸಿ, ಎರಡು ಪುಟ ಅಚ್ಚು ಹಾಕಿಸಿ ಹಂಚುತ್ತಾರೆ. ಆ ತಿಂಗಳ ಪುಸ್ತಕ ಇದೇ ಕಾದಂಬರಿ. ನಾನು ಬರೆದುಕೊಟ್ಟೆ: ‘ಈ ಕಥನದ ಜಿಗಿಯೇ ಅದರ ಶಕ್ತಿ.’ ಜಂಬಕ್ಕನ ಹೆಸರು ಬರೆಯಲಿಲ್ಲ. ಅಚ್ಚಾಗಿ ಬಂದದ್ದು: ‘ಈ ಕಥನದ ಜಿಗಿತವೇ ಅದರ ಶಕ್ತಿ.’

ಆ ಭಾನುವಾರ ಕಂಪ್ಲಿಯ ಉಪನ್ಯಾಸಕ ಮಲ್ಲೇಶ್ ಆ ಒಂದು ಸಾಲಿನ ಮೇಲೆ ಕಾಲು ಗಂಟೆ ಮಾತಾಡಿದರು. ಅಕ್ಕನ ಮದುವೆಯಿಂದ ತಂಗಿಯ ಮುಪ್ಪಿಗೆ ಕತೆ ಒಮ್ಮೆಲೇ ಹಾರುತ್ತದೆ, ಕಾಲದ ಆ ಜಿಗಿತವನ್ನು ಸುಮಲತಾ ಒಂದೇ ಶಬ್ದದಲ್ಲಿ ಹಿಡಿದಿದ್ದಾರೆ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಬಳಗ ಸೇರಿದ ಎರಡು ವರ್ಷದಲ್ಲಿ ಅದೇ ಮೊದಲು.

“ಹೌದಿಲ್ರಿ?” ಎಂದರು ಮಲ್ಲೇಶ್.

“ಹೂಂ ರಿ,” ಎಂದೆ.

“ಬರೋ ತಿಂಗಳು ಇದರ ಮ್ಯಾಲೆ ನೀವ ಹತ್ತು ನಿಮಿಷ ಮಾತಾಡ್ರಿ,” ಎಂದರು ಮೇಷ್ಟ್ರು.

ಹೊರಗೆ ಚಪ್ಪಲಿ ಮೆಟ್ಟುವಾಗ, ಅಚ್ಚು ಮಾಡಿಕೊಡುವ ಕಿರಣ್ ಕುಮಾರ್ ಹತ್ತಿರ ಬಂದ. “ಮೇಡಂ, ನೀವು ‘ತ’ ಬಿಟ್ಟಿದ್ರಿ. ನಾನ ಹಾಕಿದೆ.”

ಥ್ಯಾಂಕ್ಸ್ ಅಂದೆ.

ಆ ಹೊಗಳಿಕೆ ನನಗೆ ಬೇಕಾಗಿತ್ತು. ಹಾಗಂತಲೇ ದಿನಚರಿಯಲ್ಲಿ ಬರೆದೆ. ಮಾತು ಜಂಬಕ್ಕನದು, ‘ತ’ ಕಿರಣ್ ಕುಮಾರನದು, ಅರ್ಥ ಮಲ್ಲೇಶರದು; ಮೂರನ್ನೂ ಕಳೆದರೆ ನನ್ನದು ಏನುಳಿಯಿತು ಅಂತಲೂ ಬರೆದೆ.

ಮರುದಿನ ಜಂಬಕ್ಕ ಕೇಳಿದಳು, “ನಿಮ್ಮ ಹಾಳಿ ಬಂತಂತಲ್ಲ, ಓದು.”

ಇದ್ದದ್ದನ್ನು ಇದ್ದ ಹಾಗೆ ಓದಿದೆ. ಬಡಿಯುತ್ತಿದ್ದ ಕೈ ನಿಂತಿತು.

“ಜಿಗಿತ? ಕಪ್ಪಿ ಏನಬೇ ಅದು, ಜಿಗಿಯಾಕ?”

“ಅಚ್ಚಿನ್ಯಾಗ ಹಂಗಾಗೈತಿ. ಅವರಿಗೆ ಭಾಳ ಸೇರೈತಿ.”

“ಸೇರ್ಲಿ ಬಿಡು. ಓದಿದವ್ರ ಮನ್ಯಾಗ ರೊಟ್ಟಿ ಜಿಗೀತಿರಬೇಕು.”

ಬಯ್ಯಲಿಲ್ಲ, ತನ್ನ ಹೆಸರು ಯಾಕಿಲ್ಲ ಎಂದೂ ಕೇಳಲಿಲ್ಲ. ಅದೇ ನನಗೆ ತೊಡಕಾಯಿತು.

ಮುಂದಿನ ತಿಂಗಳಿಗೆ ಹತ್ತು ನಿಮಿಷದ ಮಾತು ಬರೆದು ಸಿದ್ಧಮಾಡಿದೆ. ಜಿಗಿತದ ಮೇಲೆ. ಚೆನ್ನಾಗಿಯೇ ಇತ್ತು. ಪಡಸಾಲೆಯಲ್ಲಿ ಹೆಸರು ಕರೆದಾಗ ಎದ್ದು ನಿಂತೆ. ಹಾಳೆ ಬಿಚ್ಚಲಿಲ್ಲ.

“ಜಿಗಿತ ಅಲ್ರಿ ಅದು, ಜಿಗಿ. ಹಿಟ್ಟಿನ ಜಿಗಿ. ಮತ್ತ ಅದು ನನ್ನ ಮಾತಲ್ಲ, ನಮ್ಮ ಓಣಿ ಜಂಬಕ್ಕಂದು.”

ರೊಟ್ಟಿ, ಬಾವಿ, ಹರಿಯದ ಕತೆ, ಎಲ್ಲವನ್ನೂ ಹೇಳಿದೆ. ಎರಡು ನಿಮಿಷವೂ ಆಗಲಿಲ್ಲ. ಮಲ್ಲೇಶ್ ಮೀಸೆ ಸವರಿಕೊಂಡು, “ಜಿಗಿತಾನೂ ಅರ್ಥ ಕೊಡ್ತೈತಿ ಬಿಡ್ರಿ,” ಎಂದರು. “ಕಾಲು ಗಂಟಿ ಕೊಟ್ಟೈತಲ್ರಿ ಸರ,” ಎಂದ ಕಿರಣ್ ಕುಮಾರ್. ಜಂಬಕ್ಕ ಯಾರು, ಮನೆ ಎಲ್ಲಿ, ಅವಳನ್ನೇ ಕರೆತರಬಾರದೇಕೆ ಎಂದು ಜನ ತಮ್ಮ ತಮ್ಮಲ್ಲಿ ಮಾತಾಡತೊಡಗಿದರು. ನನ್ನ ಕಡೆ ಈಗ ಯಾರೂ ನೋಡುತ್ತಿರಲಿಲ್ಲ. ಇಷ್ಟೇ ಆಗುವುದೆಂದು ಗೊತ್ತಿತ್ತು. ಕೂರಲು ಹೋದೆ.

“ಅದು ಜಂಬಕ್ಕಂದಾತು,” ಎಂದರು ಮೇಷ್ಟ್ರು. “ನಿಮಗೇನನಿಸ್ತವ್ವ?”

ದಿನಚರಿಯಲ್ಲಿ ಬರೆಯದೆ ಬಿಟ್ಟದ್ದೊಂದಿತ್ತು. “ಓದಿದ ಮ್ಯಾಲೆ ಮೂರು ದಿನ ಯಾರ ಜೋಡೀನೂ ಮಾತಾಡಬೇಕು ಅನಿಸಲಿಲ್ರಿ.”

“ಅದಕ್ಕಿಂತ ಮೊದ್ಲು ಮಾತಾಡ್ತಿದ್ದಿರೇನು?” ಎಂದರು ಮಲ್ಲೇಶ್.

ಪಡಸಾಲೆಯೆಲ್ಲ ನಕ್ಕಿತು. ನನಗೂ ನಗು ಬಂತು. ನಗು ಅಡಗುವವರೆಗೆ ಕಾದೆ. “ಮಾತು ಬಿಟ್ಟಿದ್ದು ಅಕ್ಕ ಅಂತ ಎಲ್ರೂ ಬರದೀರಿ,” ಎಂದೆ. “ನನಗ ಹಂಗ ಅನಿಸಿಲ್ರಿ. ತಂಗೀನ ಮೊದ್ಲು ಬಿಟ್ಟಾಳ. ಪುಸ್ತಕದಾಗ ಎಲ್ಲೂ ಹೇಳಿಲ್ಲ, ಆದ್ರ ನೀರು ಸೇದಿ ಆಕಿ ಹಗ್ಗ ಹ್ಯಾಂಗ ಇಡ್ತಾಳ ನೋಡ್ರಿ, ಅಕ್ಕ ಬಾಯಿಬಿಟ್ಟು ಕೇಳೋ ಪ್ರಸಂಗನ ಬರಬಾರದು, ಹಂಗ.”

ಮೇಷ್ಟ್ರು ಪುಸ್ತಕ ತೆರೆದು, ಯಾವ ಪುಟ ಎಂದು ಕೇಳಿದರು.