ಅಣ್ಣನ ಎದೆಯಿಂದ ಬಂದದ್ದು

ಅಣ್ಣ ತೀರಿಕೊಂಡ ಮರುವರ್ಷ, ಬಾಯಿ ತಪ್ಪಿ ಬಂದ ಒಂದು ಮಾತಿನಿಂದ ಅತ್ತಿಗೆ ನಾದಿನಿಯರ ನಡುವೆ ಮಾತೇ ನಿಂತುಹೋಯಿತು.

ಅಣ್ಣ ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದವನು. ಯಾವ ಮಾತ್ರೆಗೂ ಬಗ್ಗದ ಕ್ಷಯ ಅವನನ್ನು ಹಿಂಡಿ ಹಿಪ್ಪೆ ಮಾಡಿತ್ತು. ತಂಗಿ ಅದೇ ಕ್ಷಯದ ರೋಗಾಣುವನ್ನು ಅಧ್ಯಯನ ಮಾಡುವ ಪ್ರಯೋಗಾಲಯದಲ್ಲಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನೇ, "ನನ್ನ ಕಫಾನ ನಿಮ್ಮ ಲ್ಯಾಬಿಗೆ ತಗೊಂಡು ಹೋಗೇ. ವಿಜ್ಞಾನದಲ್ಲಿ ಯಾವತ್ತೂ ಪಾಸಾಗದವನು ಅದಕ್ಕೇ ಏನೋ ಕೊಟ್ಟ ಹಾಗಾಗತ್ತೆ," ಎಂದು ನಕ್ಕು, ಆ ನಗುವಿಗೇ ಕೆಮ್ಮಿ ಸುಸ್ತಾಗಿದ್ದ. ಅವಳು ಒಪ್ಪಿದ್ದಳು. ಹೆಂಡತಿಗೆ ಹೇಳಲು ಇಬ್ಬರಿಗೂ ಧೈರ್ಯ ಬಂದಿರಲಿಲ್ಲ.

ಬಾಯಿ ತಪ್ಪಿದ ಆ ಸಂಜೆ ಅತ್ತಿಗೆ ಬಟ್ಟೆ ಮಡಚುತ್ತ, "ಕೆಲಸ ಹೇಗೆ ನಡೀತಿದೆ?" ಎಂದು ಕೇಳಿದಳು.

"ಅಣ್ಣನದ್ದು ಈ ಸಲ ಚೆನ್ನಾಗಿ ಬೆಳೆದಿದೆ," ಎಂದುಬಿಟ್ಟಳು ನಾದಿನಿ.

ಅತ್ತಿಗೆಯ ಕೈ ನಿಂತಿತು. "ಅಣ್ಣನದ್ದು ಅಂದ್ರೆ?"

ಅಣ್ಣನ ಕಫದಿಂದ ತೆಗೆದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸುತ್ತಿರುವುದನ್ನು ಇನ್ನು ಹೇಳದೆ ವಿಧಿಯಿರಲಿಲ್ಲ. ಎಲ್ಲ ಕೇಳಿಸಿಕೊಂಡ ಅತ್ತಿಗೆ ಕೂಗಾಡಲಿಲ್ಲ. "ಅವರನ್ನ ತಿಂದಿದ್ದು ಇನ್ನೂ ಬದುಕಿದೆ. ನೀನು ಅದಕ್ಕೆ ಊಟ ಹಾಕಿ ಸಾಕ್ತಿದೀಯ. ಒಡಹುಟ್ಟಿದವಳು!" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಹೇಳದೆ ಕೇಳದೆ ಪ್ರಯೋಗಾಲಯಕ್ಕೇ ಬಂದು ನಿಂತಳು. "ತೋರಿಸು," ಎಂದಳು.

ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ. ಇಬ್ಬರೂ ಕಾರಿಡಾರಿನಲ್ಲಿ, ದಪ್ಪ ಗಾಜಿನ ಈಚೆ ನಿಂತರು. ಆಚೆ, ತಲೆಯಿಂದ ಪಾದದವರೆಗೆ ಮುಚ್ಚಿಕೊಂಡಿದ್ದ ಸಹೋದ್ಯೋಗಿ ರೋಗಾಣು ಬೆಳೆಸುವ ಎರಡು ಪುಟ್ಟ ತಟ್ಟೆಗಳನ್ನು ಗಾಜಿಗೆ ಹಿಡಿದ. ಒಂದರ ತುಂಬ ಒಣ ಬ್ರೆಡ್ಡಿನ ಪುಡಿಯಂತಹ ಗಂಟುಗಳು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು.

"ನಮ್ಮ ಮೈ ಕಾಯೋ ಕೋಶ ಇದನ್ನ ನುಂಗಿ, ಆಮ್ಲ ಸುರಿದು ಕೊಲ್ಲೋಕೆ ನೋಡತ್ತೆ ಅತ್ತಿಗೆ," ಎಂದಳು ನಾದಿನಿ. "ಇದು ಮಹಾ ಕಿಲಾಡಿ. ಆ ಕೋಶದಲ್ಲಿರೋ ಆಸ್ಪರಜೀನ್ ಅನ್ನೋ ಪೋಷಕಾಂಶವನ್ನ ಕದ್ದು, ಒಂದು ಕಿಣ್ವದಿಂದ ಒಡೆಯತ್ತೆ. ಅದರಿಂದ ಹುಟ್ಟೋ ಅಮೋನಿಯಾ ಆಮ್ಲದ ಉರಿ ತಗ್ಗಿಸತ್ತೆ. ಬೆಳೆಯೋಕೆ ಬೇಕಾದ ಸಾರಜನಕವೂ ಅಲ್ಲೇ ಸಿಗತ್ತೆ."

"ಅವರ ಮನೇಲೇ ಕದ್ದು, ಅಲ್ಲೇ ಕೂತು ಉಂಡಿದೆ."

"ಹೌದು. ಎರಡನೇ ತಟ್ಟೇಲಿರೋದಕ್ಕೆ ಆ ಕಿಣ್ವ ಇಲ್ಲ. ನಾನೇ ತೆಗೆದಿದೀನಿ. ಕೋಶದೊಳಗೆ ಬಿಟ್ಟು ನೋಡಿದಾಗ ಬದುಕಿ ಬಂದಿದ್ದು ಇಷ್ಟೇ."

ಅತ್ತಿಗೆ ಗಾಜಿಗೆ ಹಣೆ ತಾಗುವಷ್ಟು ಬಾಗಿದಳು. "ಪೂರ್ತಿ ಸತ್ತಿಲ್ವಲ್ಲ."

"ಸಾರಜನಕ ಪಡೆಯೋಕೆ ಅದಕ್ಕೆ ಬೇರೆ ದಾರಿಗಳೂ ಇವೆ."

"ಔಷಧಿ?"

"ಬರತ್ತೋ ಇಲ್ವೋ, ಸುಳ್ಳು ಹೇಳಲಾರೆ. ಮನೆಯವರು ಬೇಡ ಅಂದ್ರೆ ನಾಶ ಮಾಡಬಹುದು ಅಂತ ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಹೇಳಿದಾರೆ. ನೀವು ಒಂದು ಮಾತು ಹೇಳಿ, ಇವತ್ತೇ ಮುಗಿಸ್ತೀನಿ."

ಅತ್ತಿಗೆ ಮತ್ತೆ ಆ ತುಂಬಿದ ತಟ್ಟೆಯತ್ತ ನೋಡಿದಳು. ಆಮೇಲೆ ಕೇಳಿದಳು: "ಇಂಥದ್ದು ಬೇರೆಯವರ ಎದೇಲೂ ಇದೆಯಾ?"

"ಎಷ್ಟೋ ಜನರ ಎದೇಲಿದೆ."

"ಹಾಗಾದ್ರೆ ಇಟ್ಕೋ. ಆದ್ರೆ ಅಣ್ಣನದ್ದು ಅಂತ ಇನ್ನೊಂದು ಸಲ ಅನ್ನಬೇಡ. ಇದು ಅವರದ್ದಲ್ಲ."

ನಾದಿನಿಯ ಭುಜವನ್ನೊಮ್ಮೆ ಒತ್ತಿ ಅತ್ತಿಗೆ ಮೆಟ್ಟಿಲಿಳಿದು ಹೋದಳು.

ನಾದಿನಿ ಉಡುಪು ತೊಟ್ಟು, ಮುಖಗವಸು ಬಿಗಿದುಕೊಂಡು ಒಳಗೆ ಹೋಗಿ ಕೆಲಸಕ್ಕೆ ಕುಳಿತಳು. ಮೊದಲ ಕೊಳವೆಯ ಮುಚ್ಚಳ ತಿರುಗಿಸುವಷ್ಟರಲ್ಲಿ ಅಣ್ಣನ ನೆನಪು ಒತ್ತರಿಸಿಕೊಂಡು ಬಂತು. ಎರಡೆರಡು ಕೈಗವಸು ತೊಟ್ಟ ಕೈಯನ್ನು ಅಲ್ಲಿ ಮುಖಕ್ಕೆ ತಾಗಿಸುವಂತಿಲ್ಲ. ಕಣ್ಣೀರು ಇಳಿದು ಮುಖಗವಸಿನ ಅಂಚಿನಲ್ಲಿ ನಿಂತಿತು. ಅದರ ಪಾಡಿಗೆ ಅದನ್ನು ಬಿಟ್ಟು, ಅವಳು ಮುಚ್ಚಳವನ್ನು ಪೂರ್ತಿ ತಿರುಗಿಸಿ ತೆಗೆದಳು.